ಚೀನಾ ಸಿಪಾಯಿಯ ಕೋಟು

ಎಪ್ಪತ್ತರ ದಶಕದಲ್ಲಿ ಬೈಲಹೊಂಗಲದಲ್ಲಿ ನನ್ನ ಹೊಲಿಗೆ ಅಂಗಡಿಯಿತ್ತು. ಒಮ್ಮೆ ಕಟಕೋಳದ ಮಾಜಿ ಸೈನಿಕರೊಬ್ಬರು ಬಂದು, ಹತ್ತಿ ತುಂಬಿದ ದಪ್ಪ ಕೋಟೊಂದನ್ನು ಮೇಜಿನ ಮೇಲೆ ಹಾಕಿದರು.

"ಚೀನಾ ಯುದ್ಧದಾಗ ನಾ ಸೆರಿ ಸಿಕ್ಕಾಗ ಅವರು ಕೊಟ್ಟದ್ರಿ ಇದು. ಅವರ ಸಿಪಾಯಿಗೋಳೂ ಇಂಥಾದ್ನ ಹಾಕ್ಕೊಂಡಿದ್ರು. ನಮಗ ಆ ಹಿಮದಾಗ ಬರೇ ಸ್ವೆಟರು, ಕ್ಯಾನ್ವಾಸ್ ಬೂಟು. ಅವರ ಬಂದೂಕಿಗಿಂತ ಈ ಕೋಟು ನೋಡೇ ಹೊಟ್ಟಿ ಉರೀತಿತ್ರಿ."

ಅವರ ಮಗ ಲಡಾಖಿಗೆ ರಸ್ತೆ ಕೆಲಸಕ್ಕೆ ಹೊರಟಿದ್ದ. ಅವನಿಗೂ ಇಂಥದ್ದೇ ಒಂದು ಬೇಕಿತ್ತು.

ಕೋಟನ್ನು ತಿರುಗಿಸಿ ನೋಡಿದೆ. ಇಷ್ಟು ವರ್ಷವಾದರೂ ಹತ್ತಿ ಎಲ್ಲಿಯೂ ಜಾರಿ ಗಂಟು ಕಟ್ಟಿರಲಿಲ್ಲ. ಈಗ ಹೊಟ್ಟೆ ಉರಿಯುವ ಸರದಿ ನನ್ನದಾಯಿತು. ಹೆಸರೂ ಗೊತ್ತಿಲ್ಲದ ಆ ಚೀನಾ ದರ್ಜಿಯನ್ನು ಮೀರಿಸಲೇಬೇಕೆಂದು ಹಟ ಹಿಡಿದು ಹೊಲಿದೆ.

ಅವರು ಎರಡನ್ನೂ ತೊಟ್ಟು ನೋಡಿ, "ನಿಮ್ದು ಭಾಳ ಚಂದ ಆಗೇತ್ರಿ" ಎಂದರು. ನಾನು ಉಬ್ಬಿಹೋದೆ.

"ಹಂಗಾದ್ರ ಮಗಗ ಇದನ್ನ ಕಟ್ಟಿ ಕೊಡ್ಲೇನ್ರಿ?"

"ಬ್ಯಾಡ್ರಿ. ಅಲ್ಲಿ ಥಂಡಿ ಭಾಳ ಇರ್ತೈತಿ. ಅಂವಗ ಚೀನಾದ್ದು ಕೊಟ್ಟು ಕಳಸ್ತೇನಿ. ನಿಮ್ದು ಇಲ್ಲೇ ನಾ ಹಾಕ್ಕೋತೇನಿ."

ಗಡಿಯಲ್ಲಿ ಸೋತದ್ದನ್ನು ಪತ್ರಿಕೆಯಲ್ಲಿ ಓದಿದ್ದೆ. ಬೈಲಹೊಂಗಲದಲ್ಲೇ ಕೂತು ಚೀನಾಕ್ಕೆ ಸೋತವನು ಮಾತ್ರ ನಾನೊಬ್ಬನೇ ಇರಬೇಕು.