ಹುಸೇನಮ್ಮ ಒಡೆದ ಬೀಗ

ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆಂದು ಗಂಡ ಹುಲಿಗೆಪ್ಪನ ಜೊತೆ ಬಂದ ಹುಸೇನಮ್ಮ 2002ರಲ್ಲಿ ಕೆ.ಆರ್. ಪುರದ ಮುನಿಕೃಷ್ಣಪ್ಪನ ವಠಾರ ಸೇರಿದಳು. ಎದುರುಬದುರು ಹನ್ನೆರಡು ಕೋಣೆ, ನಡುವೆ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೊರಗಬೇಕಾದ ಓಣಿ. ಓಣಿಯ ಬಾಯಲ್ಲೇ ಮೀಟರ್ ಬೋರ್ಡು. ಅದರ ವೈರುಗಳು ಸಿಪ್ಪೆ ಸುಲಿದುಕೊಂಡು ಜೋತಾಡುತ್ತಿದ್ದವು. ಹಿಂಬದಿಯ ಕಬ್ಬಿಣದ ಬಾಗಿಲಿಗೆ ಸದಾ ಬೀಗ. ಬಾಡಿಗೆಯವರು ಹಿಂದಿನ ಸೈಟಿನಲ್ಲಿ ಬಟ್ಟೆ ಒಗೆದು ಗಲೀಜು ಮಾಡುತ್ತಾರೆಂಬುದು ಮುನಿಕೃಷ್ಣಪ್ಪನ ತಕರಾರು. ವೈರಿನ ವಿಷಯ ಹುಸೇನಮ್ಮ ಎರಡು ಸಲ ಹೇಳಿದ್ದಳು. ನೋಡೋಣ ಎಂದವನು ನೋಡಿರಲಿಲ್ಲ.

ಮರುವರ್ಷ ಬೇಸಿಗೆಯ ಒಂದು ಮಧ್ಯಾಹ್ನ, ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದಾಗ, ಬೋರ್ಡು ಚಟಪಟ ಹೊತ್ತಿಕೊಂಡಿತು. ಮುಂದೆ ಬೆಂಕಿ, ಹಿಂದೆ ಬೀಗ. ಮಕ್ಕಳನ್ನು ಅವುಚಿಕೊಂಡ ಹೆಂಗಸರು ಹೊಗೆಯಲ್ಲಿ ಕೆಮ್ಮುತ್ತ ನಿಂತರು. ಹುಸೇನಮ್ಮ ರುಬ್ಬುವ ಗುಂಡು ಎತ್ತಿ ತಂದು ಬೀಗಕ್ಕೆ ಬಡಿದಳು. ಐದನೆಯ ಏಟಿಗೆ ಅದು ಕಳಚಿಬಿತ್ತು. ಬೋರ್ಡಿನ ಪಕ್ಕದ ಕೋಣೆಯ ಶಿವಬಸಮ್ಮನ ತೋಳು ಸುಟ್ಟಿದ್ದು ಬಿಟ್ಟರೆ ಎಲ್ಲರೂ ಉಳಿದರು.

ಬೆಂಕಿ ಆರಿದ ಮೇಲೆ ಬಂದ ಮುನಿಕೃಷ್ಣಪ್ಪ ಮೊದಲು ಕೇಳಿದ್ದು ಬೀಗ ಒಡೆದವರು ಯಾರೆಂದು. ಮರುದಿನ ಬೆಳಿಗ್ಗೆ ಹೊಸ ಬೀಗ ಹಿಡಿದು ಬಂದ. ಹುಸೇನಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಅತ್ಲಾಗ್ ಸರಿಯಮ್ಮ. ಮನೆ ನಂದು, ಬಾಗ್ಲೂ ನಂದು."

"ಮನಿ ನಿಮ್ದ ಅದ ರೀ, ಜೀವ ನಮ್ದು. ನೀವು ಹಾಕ್ರಿ, ನಾ ಮತ್ತ ಒಡೀತೀನಿ."

"ಹಂಗಾದ್ರೆ ಮನೆ ಖಾಲಿ ಮಾಡು."

"ಮಾಡಂಗಿಲ್ರಿ. ಮೊದ್ಲ ವೈರ್ ಬದ್ಲಿ ಮಾಡಿಸ್ರಿ."

ಊರು ಬಿಟ್ಟು ಬಂದವರಿಗೆ ಮನೆಯವನ ಹಗೆ ಯಾಕೆ ಎಂದು ಹುಲಿಗೆಪ್ಪ ಹೆದರಿದ. ಅವಳು ಕೇಳಲಿಲ್ಲ. ತೋಳಿಗೆ ಪಟ್ಟಿ ಕಟ್ಟಿದ್ದ ಶಿವಬಸಮ್ಮನನ್ನೂ ಇನ್ನೂ ಆರು ಹೆಂಗಸರನ್ನೂ ಕರೆದುಕೊಂಡು ಅಗ್ನಿಶಾಮಕ ಠಾಣೆಗೇ ಹೋದಳು. ಅಲ್ಲಿಂದ ಬಂದ ಅಧಿಕಾರಿ ಓಣಿಯುದ್ದಕ್ಕೂ ನಡೆದು ನೋಡಿದ. ವೈರು ಭದ್ರವಾಗಿಡುವುದು, ಜನ ತಪ್ಪಿಸಿಕೊಳ್ಳುವ ದಾರಿ ತೆರೆದಿಡುವುದು ಬಾಡಿಗೆಗೆ ಕೊಟ್ಟವನ ಹೊಣೆ ಎಂದು ಎಲ್ಲರೆದುರೇ ಮುನಿಕೃಷ್ಣಪ್ಪನಿಗೆ ಹೇಳಿ, ಬರೆದೂ ಕೊಟ್ಟ. ಅಧಿಕಾರಿ ಹೋದದ್ದೇ ತಡ, ಹುಸೇನಮ್ಮ ಜಾಗ ಬಿಡಬೇಕೆಂದು ಮುನಿಕೃಷ್ಣಪ್ಪ ಮತ್ತೆ ಶುರುಮಾಡಿದ. ಅವಳು ಹೋದರೆ ನಾವೂ ಹೊರಟೆವು ಎಂದು ಉಳಿದ ಹನ್ನೊಂದು ಮನೆಯವರು ಹೇಳಿದ ಮೇಲೆಯೇ ಸುಮ್ಮನಾದ.

ತಿಂಗಳೊಳಗೆ ಹೊಸ ವೈರು ಬಂತು. ಹಿಂಬಾಗಿಲಿಗೆ ಒಳಗಿನಿಂದ ತೆಗೆಯುವ ಚಿಲಕ ಬಿತ್ತು. ಹುಸೇನಮ್ಮ ಇನ್ನೂ ಆರು ವರ್ಷ ಅಲ್ಲೇ ಇದ್ದಳು. ಅಷ್ಟೂ ವರ್ಷ ಮುನಿಕೃಷ್ಣಪ್ಪ ಅವಳೊಡನೆ ಮಾತಾಡಲಿಲ್ಲ. ಹೇಳುವುದಿದ್ದರೆ ಶಿವಬಸಮ್ಮನಿಂದ ಹೇಳಿಸುತ್ತಿದ್ದ. ಅವಳು ಮಾತ್ರ ಎದುರು ಸಿಕ್ಕಾಗಲೆಲ್ಲ ದಾರಿ ಬಿಡದೆ ನಿಂತು, ಆರಾಮ ಅದೀರೇನ್ರಿ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು.