ಜನ ಇಲ್ಲದ ಕಡಲು

ಈ ಆಟಿ ತಿಂಗಳಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಬೂಷ್ಟು ಹಿಡಿದ ಬಟ್ಟೆಗಳನ್ನೆಲ್ಲ ಕಪಾಟಿನಿಂದ ತೆಗೆದು ಅಂಗಳದ ಹಗ್ಗಕ್ಕೆ ಹಾಕುತ್ತಿದ್ದೆ. ಎಲ್ಲಕ್ಕಿಂತ ಅಡಿಯಲ್ಲಿ, ಮದುವೆಯ ಸೀರೆಗಳ ಕೆಳಗೆ, ಗಂಟು ಹಾಕಿದ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಗಂಟು ಬಿಚ್ಚಿದ ಕೂಡಲೇ ವಾಸನೆ ಮುಖಕ್ಕೆ ಬಡಿಯಿತು. ತೆಂಗಿನದ್ದೇ, ಆದರೆ ನಮ್ಮ ಗಾಣದ ಎಣ್ಣೆಯದ್ದಲ್ಲ. ಬಿಸಿಲಿಗೆ ಹಚ್ಚುವ ಕ್ರೀಮಿನಲ್ಲಿರುತ್ತದಲ್ಲ, ತೆಂಗಿನ ವೇಷ ಹಾಕಿದ ಒಂದು ವಾಸನೆ, ಅದು. ಅದರ ಹಿಂದೆಯೇ ಸ್ವಲ್ಪ ಉಪ್ಪು. ನಾನು ನೆಲದ ಮೇಲೆ ಕೂತುಬಿಟ್ಟೆ.

ಚೀಲದಲ್ಲಿದ್ದದ್ದು ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ, ಗಾಢ ನೀಲಿ ಬಣ್ಣದ ಈಜುಡುಗೆ. ನನ್ನದಲ್ಲ. ಪಕ್ಕದ ಮನೆಯ ಟೀಚರದ್ದು.

ನಮ್ಮ ಊರು ನರಿಮೊಗರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಚಿಲಕವಿಲ್ಲದ ಒಂದು ಸಣ್ಣ ಗೇಟು. ಅವರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದರು. ನನಗೆ ಪಾಠ ಮಾಡಿದವರಲ್ಲ. ಆದರೆ ನಮ್ಮ ಕಡೆ ಒಮ್ಮೆ ಟೀಚರ್ ಆದವರು ಇಡೀ ಊರಿಗೇ ಟೀಚರ್. ನಾನು ಪುತ್ತೂರಿನ ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುವವಳಾದರೂ ಅವರ ಎದುರಿಗೆ ಕೂತರೆ ಬೆನ್ನು ನೆಟ್ಟಗಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವರು ತಮ್ಮನ ಸಂಸಾರದ ಜೊತೆಯಲ್ಲಿದ್ದರು. ತಮ್ಮನಿಗೆ ಪೇಟೆಯಲ್ಲಿ ಟೈಲ್ಸ್ ಅಂಗಡಿ.

ಅವರು ನಿವೃತ್ತರಾದ ವರ್ಷ ನಾನೂ ನನ್ನ ಗಂಡನೂ ಗ್ರೀಸಿನ ನಾಕ್ಸೋಸ್ ಎಂಬ ದ್ವೀಪಕ್ಕೆ ಹೋಗುವುದೆಂದು ತೀರ್ಮಾನಿಸಿದ್ದೆವು. ಸಂಜೆ ಜಗಲಿಯಲ್ಲಿ ಕೂತು, ಯಾವ ಬೀಚು ಒಳ್ಳೆಯದು ಎಂದು ನಾನು ಫೋನಿನಲ್ಲಿ ನೋಡುತ್ತಿದ್ದರೆ ಟೀಚರ್ ಗೇಟು ದಾಟಿ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಮೊದಲು ಸುಮ್ಮನೆ ನೋಡಿದರು. ಒಂದು ದಿನ ಕೇಳಿದರು, "ನಾನು ಸಹ ಬರ್ಲಾ ಮಾರಾಯ್ತಿ? ಟಿಕೆಟು ನಂದೇ."

ತಮ್ಮನಿಗೆ ನಗು. "ಕಡಲು ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ? ಮಂಗಳೂರಿನ ಬಸ್ಸು ಹತ್ತಿದ್ರೆ ಆಯ್ತಲ್ಲ."

"ಮಂಗಳೂರಿನ ಕಡಲಿನಲ್ಲಿ ಅರ್ಧ ಜನ ನನ್ನ ಶಿಷ್ಯರೇ," ಎಂದರು ಟೀಚರ್. "ನಮಸ್ತೇ ಟೀಚರ್, ನಮಸ್ತೇ ಟೀಚರ್ ಅಂತ ಹೇಳಿಸಿಕೊಳ್ಳುದರಲ್ಲೇ ಕತ್ತಲಾಗ್ತದೆ."

ಎಲ್ಲರೂ ನಕ್ಕೆವು. ಅದು ತಮಾಷೆಯಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ, ಗೇಟಿನ ಹತ್ತಿರ ಅವರು ದನಿ ತಗ್ಗಿಸಿದಾಗ. "ನನಗೆ ಬರೀ ನೋಡ್ಲಿಕ್ಕೆ ಅಲ್ಲ. ಒಮ್ಮೆ ಈಜ್ಬೇಕು."

ಅವರು ಹುಟ್ಟಿ ಬೆಳೆದದ್ದು ಇಚಿಲಂಪಾಡಿಯಲ್ಲಿ, ಹೊಳೆಯ ದಡದಲ್ಲಿ. ಚಿಕ್ಕವರಿದ್ದಾಗ ಹುಡುಗರಿಗಿಂತ ಮೊದಲು ಆಚೆ ದಡ ಮುಟ್ಟುತ್ತಿದ್ದರಂತೆ. ದೊಡ್ಡವರಾದ ದಿನದಿಂದ ಹೊಳೆ ನಿಂತುಹೋಯಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. "ಇನ್ನು ನೀನು ಹೋಗುದು ಬೇಡ" ಎಂದು ತಾಯಿ, ಅವರ ಉಮ್ಮ, ಒಂದು ಮಾತು ಹೇಳಿದರು, ಅಷ್ಟೇ. ಆಮೇಲೆ ಮದುವೆ, ಕೆಲಸ, ಸೇತುವೆಯ ಮೇಲಿನಿಂದ ಬಸ್ಸಿನ ಕಿಟಕಿಯಲ್ಲಿ ಹೊಳೆ... ಈಜುಡುಗೆಯನ್ನು ಅವರು ಆನ್‌ಲೈನಿನಲ್ಲಿ ತರಿಸಿದ್ದು ನನ್ನ ಹೆಸರಿಗೆ, ನಮ್ಮ ಮನೆಗೆ.

ಅಂದಿನಿಂದ ಬೀಚು ಆರಿಸುವ ಕೆಲಸ ಅವರ ಕೈಗೆ ಹೋಯಿತು. ದ್ವೀಪದ ಪಶ್ಚಿಮ ತೀರದ ಬೀಚುಗಳನ್ನು ಹೋಗಿಬಂದವರೆಲ್ಲ ಹೊಗಳಿದ್ದರು. ಮರಳು ನುಣುಪು, ನೀರು ಆಳವಿಲ್ಲ, ಕಾವಲಿನವರಿದ್ದಾರೆ, ದಡದಲ್ಲೇ ಊಟ ಸಿಗುತ್ತದೆ. ಟೀಚರ್ ಮರಳು ನೋಡುತ್ತಿರಲಿಲ್ಲ, ನೀರಿನ ಬಣ್ಣವನ್ನೂ ನೋಡುತ್ತಿರಲಿಲ್ಲ. ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ತಲೆಗಳನ್ನು ಎಣಿಸುತ್ತಿದ್ದರು. "ಇದು ಬೇಡ. ಸೋಮವಾರದ ಸಂತೆಯ ಹಾಗೆ ಉಂಟು." ಗ್ರೀಕ್ ಹೆಸರುಗಳು ಬಾಯಿಗೆ ಬಾರದ್ದರಿಂದ ಅವರದ್ದೇ ಹೆಸರುಗಳು: ಸಾಲು ಸಾಲು ಕೊಡೆಗಳಿದ್ದದ್ದು ಕೊಡೆ ಬೀಚು, ತಿಂಡಿ ಸಿಗುವುದು ಹೋಟ್ಲು ಬೀಚು.

ಕೊನೆಗೆ ಉತ್ತರದ ತುದಿಯಲ್ಲಿ ಒಂದು ಸಿಕ್ಕಿತು. ಫೋಟೋದಲ್ಲಿ ಮರಳು, ಬಲಗಡೆ ಬಂಡೆಗಳು, ಕಡುನೀಲಿ ನೀರು. ಒಂದೂ ತಲೆಯಿಲ್ಲ. ಕೆಳಗೆ ಯಾರೋ ಬರೆದಿದ್ದರು: ರಸ್ತೆ ಸರಿಯಿಲ್ಲ, ಬೇಸಿಗೆಯಲ್ಲಿ ಉತ್ತರದ ಗಾಳಿ ಜೋರು. ನಾನು ಅದನ್ನು ಓದಿ ಹೇಳಿದೆ.

"ಗಾಳಿ ಉಂಟಾ? ಒಳ್ಳೆದೇ ಆಯ್ತು. ಗಾಳಿ ಇದ್ದಲ್ಲಿಗೆ ಯಾರು ಬರ್ತಾರೆ?"

ನನಗೂ ಅದು ಸರಿ ಎಂದೇ ಕಂಡಿತು. ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಆದರೆ ನಮ್ಮ ಹೊಳೆಗಳಲ್ಲಿ ಹೆಂಗಸರು ಮೀಯುವ ಜಾಗ ಯಾವಾಗಲೂ ತಿರುವಿನ ಆಚೆ, ಪೊದೆಯ ಮರೆಯಲ್ಲಿ. ಅಲ್ಲಿ ಆಳವೆಷ್ಟು, ಸೆಳೆತವೆಷ್ಟು ಎಂದು ಯಾರೂ ಮೊದಲು ಕೇಳಿದವರಲ್ಲ. ಕಣ್ಣಿಗೆ ಬೀಳದಿದ್ದರೆ ಅದು ಒಳ್ಳೆಯ ಜಾಗ. ಇಷ್ಟು ಓದಿದ ನಾವಿಬ್ಬರೂ ಸಾವಿರಾರು ಮೈಲಿ ಆಚೆಯ ಆ ದ್ವೀಪವನ್ನು ನೋಡಿದ್ದು ಅದೇ ಕಣ್ಣಿನಿಂದ.

ಹಾಗಂತ ನೇರ ಅಲ್ಲಿಗೆ ಹೋದವರಲ್ಲ. ಮೊದಲ ದಿನ ನನ್ನ ಗಂಡನ ಒತ್ತಾಯಕ್ಕೆ ಕೊಡೆ ಬೀಚಿಗೇ ಹೋದೆವು. ಅಲ್ಲಿ ನೀರು ನಮ್ಮ ಬಾವಿಕಟ್ಟೆಯ ತೊಟ್ಟಿಯಷ್ಟು ಶಾಂತವಾಗಿತ್ತು. ಟೀಚರ್ ಪಾದ ಮುಳುಗುವಷ್ಟಕ್ಕೆ ಇಳಿದು ನಿಂತಿದ್ದರು. ಬೆನ್ನ ಹಿಂದೆ ಯಾರೋ ಮಗುವನ್ನು ಮಲಯಾಳದಲ್ಲಿ ಕರೆದರು. ಟೀಚರ್ ಸರಕ್ಕನೆ ಮೇಲೆ ಬಂದರು.

"ಮಲಯಾಳದವರು ಇದ್ದಾರೆ ಅಂದ್ರೆ ಕಾಸರಗೋಡಿನವರು ಇದ್ದಾರೆ. ಕಾಸರಗೋಡಿನವರು ಇದ್ರೆ ನಮ್ಮ ಸಂಬಂಧಿಕರು ಇದ್ದಾರೆ. ನಡಿ ನಡಿ."

ಹಾಗಾಗಿ ಮರುದಿನ ಆ ಉತ್ತರದ ಬೀಚು.

ಕಾರು ನಿಲ್ಲಿಸುವಲ್ಲಿಂದ ಕಲ್ಲಿನ ದಾರಿಯಲ್ಲಿ ಇಳಿದು ಹೋಗಬೇಕಿತ್ತು. ಕೆಳಗೆ ನಿಜವಾಗಿಯೂ ಯಾರೂ ಇರಲಿಲ್ಲ. ನನ್ನ ಗಂಡನಿಗೆ ಚೆನ್ನಾಗಿ ಈಜು ಬರುತ್ತದೆ, ನನಗೆ ಬರುವುದಿಲ್ಲ. ಆದರೂ ಟೀಚರ್ ಅವನಿಗೆ ಕೈ ಮುಗಿಯುವ ಹಾಗೆ ಮಾಡಿ, "ನೀವು ಮೇಲೆಯೇ ಇರಿ ಮಾರಾಯ್ರೆ, ಗಾಳಿ ಕುಡಿಯಿರಿ. ಬೇಕಾದ್ರೆ ಕರೀತೇವೆ" ಎಂದರು. ಅವನು ನಗುತ್ತ ಕಾರಿನ ಬಳಿಗೆ ಹೋದ.

ದಡದ ಉದ್ದಕ್ಕೂ ಅಲೆ ಬೆಳ್ಳಗೆ ಒಡೆಯುತ್ತಿತ್ತು. ನಡುವೆ ಒಂದು ಕಡೆ ಮಾತ್ರ ನೊರೆಯಿಲ್ಲದೆ ನೀರು ಸಮವಾಗಿತ್ತು. ಟೀಚರ್ ಅದನ್ನೇ ತೋರಿಸಿದರು. "ನೋಡು, ಅಲ್ಲಿ ಹೊಳೆಯ ಹಾಗೆಯೇ ಉಂಟು." ಒಡೆಯುವ ಅಲೆಗಳ ನೀರೆಲ್ಲ ಕಡಲಿಗೆ ವಾಪಸ್ ಓಡುವ ದಾರಿ ಅದೇ ಎಂದು ನಾನು ಓದಿ ತಿಳಿದದ್ದು ಊರಿಗೆ ಬಂದ ಮೇಲೆ. ಅವರು ತಲೆಯ ಶಾಲನ್ನು ಮಡಚಿ ನನ್ನ ಕೈಗೆ ಕೊಟ್ಟು ಇಳಿದರು.

ಇಲ್ಲಿಂದ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದೇನೋ... ಪ್ರತಿ ಸಲವೂ ಅದು ಶುರುವಾಗುವುದು ಟೀಚರ್ ದಡದ ಕಡೆಗೆ ತಿರುಗಿದಲ್ಲಿಂದ. ತಿರುಗಿದರು. ದಡದತ್ತ ಈಜಲು ಕೈ ಬೀಸಿದರು. ಕೈಗಳು ಚಲಿಸುತ್ತಿದ್ದವು, ಮುಖ ಮಾತ್ರ ಸಣ್ಣದಾಗುತ್ತಿತ್ತು. ಹತ್ತಿರ ಬರಬೇಕಾದವರು ದೂರ ಹೋಗುತ್ತಿದ್ದರು. ನಾನು ಮೊಣಕಾಲಿನವರೆಗೆ ನೀರಿಗೆ ಇಳಿದೆ, ಕಾಲಡಿಯ ಮರಳು ಸರಿಯಿತು, ಹಿಂದೆ ಬಂದೆ. ಪುನಃ ಇಳಿದೆ. ಗಂಡನನ್ನು ಕೂಗಿದೆ, ಅಲೆಯ ಅಬ್ಬರದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಮೇಲಕ್ಕೆ ಓಡಿದರೆ ಅವರು ಕಣ್ಣಿನಿಂದ ತಪ್ಪುತ್ತಾರೆ, ಓಡದಿದ್ದರೆ... ಶಾಲು ಹಿಡಿದುಕೊಂಡು ಅತ್ತ ಇತ್ತ ಓಡಿದೆ, ಅಷ್ಟೇ ನನಗೆ ನೆನಪಿರುವುದು.

ಟೀಚರ್ ಕೂಗಲಿಲ್ಲ. ಹಿಂದಿನ ಬೆಂಚಿನ ಪಿಸುಮಾತನ್ನು ಒಂದೇ ಗದರಿಕೆಗೆ ನಿಲ್ಲಿಸುತ್ತಿದ್ದವರು ಒಂದು ಶಬ್ದವೂ ಮಾಡಲಿಲ್ಲ.

ಆಮೇಲೆ ಅವರ ಕೈಗಳು ನಿಂತವು. ಮುಗಿಯಿತು ಎಂದುಕೊಂಡೆ. ಈಗಲೂ ನಿದ್ದೆಯಲ್ಲಿ ನಾನು ಬೆಚ್ಚಿ ಏಳುವುದು ಆ ಗಳಿಗೆಗೆ. ಆದರೆ ಅವರು ಮುಳುಗಿರಲಿಲ್ಲ, ಅಂಗಾತ ಮಲಗಿದ್ದರು. ನೀರು ಎತ್ತ ಒಯ್ಯುತ್ತದೋ ಅತ್ತ ಹೋದರು. ಸೆಳೆತ ಎಲ್ಲೋ ಸಡಿಲವಾಗಿರಬೇಕು, ನಿಧಾನಕ್ಕೆ ಬಲಗಡೆಯ ಬಂಡೆಗಳತ್ತ ತೇಲಿದರು. ಒಂದು ದೊಡ್ಡ ಅಲೆ ಅವರನ್ನು ಎತ್ತಿ ಕಲ್ಲುಗಳ ನಡುವೆ ಹಾಕಿತು. ನಾನು ಹೋಗಿ ಹಿಡಿದಾಗ ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು, ತುಟಿ ನೀಲಿಯಾಗಿತ್ತು. ಮೊದಲು ಕೈ ಚಾಚಿದ್ದು ಶಾಲಿಗೆ.

ತಲೆ ಮುಚ್ಚಿಕೊಂಡು, ಉಸಿರು ಹಿಡಿತಕ್ಕೆ ಬಂದ ಮೇಲೆ ಕೂತರು. ನಾನು ಅಳುತ್ತ ಬೈದೆ. "ಒಮ್ಮೆ ಕೂಗ್ಲಿಕ್ಕೆ ಆಗ್ಲಿಲ್ವಾ ಟೀಚರ್ ನಿಮಗೆ?"

ಅವರು ನನ್ನ ಮುಖ ನೋಡಲಿಲ್ಲ. "ಕೂಗಿದ್ರೆ ನಿನ್ನ ಗಂಡ ಬರ್ತಿದ್ರು."

ಸಾವಿನ ಬಾಯಿಯಲ್ಲಿದ್ದಾಗಲೂ, ಒದ್ದೆ ಮೈಯಲ್ಲಿ, ತೆರೆದ ತಲೆಯಲ್ಲಿ ಒಬ್ಬ ಗಂಡಸಿನ ಎದುರು ಎತ್ತಿಸಿಕೊಳ್ಳುವುದು ಹೆಚ್ಚು ಕಷ್ಟ ಎಂದು ಅವರಿಗೆ ಕಂಡಿತ್ತಲ್ಲ... ನನಗೆ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ, ಅವರ ಜಾಗದಲ್ಲಿ ನಾನಿದ್ದರೂ ಒಂದು ಕ್ಷಣ ತಡೆಯುತ್ತಿದ್ದೆನೇನೋ ಎಂಬ ಹೆದರಿಕೆ ಬರುತ್ತದೆ.

ಕಲ್ಲಿನ ಮೇಲೆ ಜಾರಿ ಬಿದ್ದದ್ದು ಎಂದು ನನ್ನ ಗಂಡನಿಗೆ ಹೇಳಿದೆವು. ಊರಿನಲ್ಲಿ ಅದನ್ನೂ ಹೇಳಲಿಲ್ಲ. ಚೀಲದ ಬಾಯಿ ಕಟ್ಟಿ ನನ್ನ ಕೈಗಿಡುವಾಗ ಟೀಚರ್, "ಇದು ನಿನ್ನಲ್ಲೇ ಇರ್ಲಿ. ಉಡುಪೂ, ಮಾತೂ" ಎಂದರು. ತಮ್ಮ ಕಡಲಿನ ಬಗ್ಗೆ ಕೇಳಿದಾಗ, "ದೂರದಿಂದ ನೋಡಿದೆ, ಚಂದ ಉಂಟು" ಎಂದರು. ಎರಡು ಮಳೆಗಾಲ ಕಳೆದ ಮೇಲೆ ಕಾಯಿಲೆ ಬಿದ್ದು, ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾನು ಕೊನೆಯವರೆಗೂ ಹೋಗಿ ಬರುತ್ತಿದ್ದೆ. ಆದರೆ ಅವರು ಇಲ್ಲವಾದದ್ದನ್ನು ನೆನೆದರೆ ನನ್ನ ಕಣ್ಣಿಗೆ ಆಸ್ಪತ್ರೆ ಬರುವುದೇ ಇಲ್ಲ, ಕಡಲೇ ಬರುತ್ತದೆ.

ಈ ಆಟಿಯಲ್ಲಿ ಚೀಲ ಸಿಕ್ಕಿದ ದಿನ, ಅಂಗಳದಲ್ಲಿ ಆ ನೀಲಿ ಉಡುಪನ್ನು ಹಗ್ಗಕ್ಕೆ ಹಾಕಿ, ತಿರುಗಿ ಚೀಲಕ್ಕೆ ತುಂಬಿಬಿಡಬೇಕೆಂದು ಕೈ ಚಾಚುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಟೀಚರ ತಮ್ಮನ ಮಗಳು, ಅತ್ತೆಯಾದ ಅವರನ್ನು ಮಾಮಿ ಎನ್ನುವವಳು. ಹೊಸದಾಗಿ ಮದುವೆಯಾದವಳು, ಗಂಡ ಗಲ್ಫಿನಲ್ಲಿ. ಕೈಯಲ್ಲಿ ಫೋನು.

"ಅಕ್ಕಾ, ನಾವು ಸಹ ನಾಕ್ಸೋಸಿಗೆ ಹೋಗುದು. ಮಾಮಿ ತೋರಿಸಿದ ಫೋಟೋ ನೋಡಿದಾಗಿಂದ ಆಸೆ. ಯಾವ ಬೀಚು ಒಳ್ಳೆದು ಹೇಳಿ. ಎಲ್ಲರೂ ನೋಡುವಂತದ್ದು ಬೇಡ, ಹೆಂಗಸರಿಗೆ ಆಗುವಂತದ್ದು. ಇದು ನೋಡಿ, ಒಬ್ರು ಸಹ ಇಲ್ಲ!"

ಅವಳ ಫೋನಿನಲ್ಲಿ ಮರಳು, ಬಲಗಡೆ ಬಂಡೆಗಳು, ಕಡುನೀಲಿ ನೀರು.

ಟೀಚರಿಗೆ ಕೊಟ್ಟ ಮಾತು ಒಂದು ಕಡೆ. ಇನ್ನೊಂದು ಕಡೆ ಈ ಹುಡುಗಿ, ಅದೇ ಮೂಗು, ಅದೇ ಹಣೆ... "ಅಲ್ಲಿಗೆ ಬೇಡ" ಎಂದೆ. "ಎಂತಕ್ಕೆ?" ಎಂದಳು. ಅಷ್ಟರಲ್ಲಿ ಅವಳ ದೃಷ್ಟಿ ಹಗ್ಗದ ಮೇಲೆ ಹೋಯಿತು. "ಇದು ಯಾರದ್ದು ಅಕ್ಕ?"

ಹೇಳಿದೆ. ಕೊಡೆ ಬೀಚಿನಿಂದ ಹಿಡಿದು ಶಾಲಿನವರೆಗೆ ಎಲ್ಲವನ್ನೂ ಹೇಳಿದೆ. ಜನ ಇರುವಲ್ಲಿಗೇ ಹೋಗು, ಕಾವಲಿನವರು ಇರುವಲ್ಲಿ ಮಾತ್ರ ಇಳಿ, ಏನಾದರೂ ಆದರೆ ಕೂಗು, ಯಾರು ಬಂದರೂ ಬರಲಿ ಕೂಗು ಎಂದೆ. ನನ್ನ ದನಿ ಏರಿತ್ತೆಂದು ಕಾಣುತ್ತದೆ. ಅವಳು ಹೆದರುತ್ತಾಳೆ, ಅಥವಾ ಇಷ್ಟು ದಿನ ಮುಚ್ಚಿಟ್ಟಿರಲ್ಲ ಎಂದು ಬೈಯುತ್ತಾಳೆ ಎಂದು ಕಾದೆ.

ಅವಳು ಉಡುಪಿನ ತೋಳನ್ನು ಬೆರಳಿನಲ್ಲಿ ಹಿಡಿದು ನಿಂತಿದ್ದಳು. "ಮಾಮಿ ಕಾಲು ಸಹ ನೆನೆಸಿಲ್ಲ ಅಂತ ಉಪ್ಪ ಹೇಳುದು," ಎಂದಳು, ತಂದೆಯ ಮಾತು ನೆನೆದು. "ಮಾಮಿಗೆ ಈಜ್ಲಿಕ್ಕೆ ಬರ್ತಿತ್ತಾ?" ನನ್ನ ಕಡೆ ತಿರುಗಿ, "ಹೇಗೆ ಈಜ್ತಿದ್ರು?"

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ತಡಕಾಡಿದೆ. ಟೀಚರ್ ದಡಕ್ಕೆ ತಿರುಗುವ ಮೊದಲು ಏನಿತ್ತು? ಇತ್ತು... ಒಂದಷ್ಟು ಹೊತ್ತು ಇತ್ತು. ನೀರು ಸೊಂಟಕ್ಕೆ ಬಂದಾಗ ಅವರು ಮುಳುಗಿ, ತುಂಬ ಮುಂದೆ ಎದ್ದಿದ್ದರು. ನರೆತ ಕೂದಲು ಬೆನ್ನಿಗೆ ಅಂಟಿತ್ತು. ಸದ್ದೇ ಇಲ್ಲದ ಈಜು, ನೀರು ಕದಡದ ಹಾಗೆ. ಒಮ್ಮೆ ಮಗ್ಗುಲಾಗಿ ನನ್ನ ಕಡೆ ನೋಡಿ ಬಾಯಿಂದ ನೀರು ಚಿಮ್ಮಿಸಿ ನಕ್ಕಿದ್ದರು, ಹೊಳೆಯಲ್ಲಿ ಮಕ್ಕಳು ಮಾಡುವ ಹಾಗೆ. ಅದನ್ನು ಹೇಳಿದೆ. ಹುಡುಗಿ ಅಳುತ್ತ ನಕ್ಕಳು.

ಉಡುಪು ಕೇಳಿದಳು. ಕೊಡಲು ಮನಸ್ಸಿರಲಿಲ್ಲ. ಕೊಟ್ಟೆ.

ಇವತ್ತು ಮಧ್ಯಾಹ್ನ ಅವಳ ಫೋಟೋ ಬಂತು. ಕೊಡೆ ಬೀಚು. ಸಾಲು ಸಾಲು ಕೊಡೆಗಳು, ಗಲಾಟೆ, ಮಕ್ಕಳು. ನಡುವೆ ನೀರಿನಲ್ಲಿ ಸೊಂಟದವರೆಗೆ ನಿಂತ ನೀಲಿ ಉಡುಪು. ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದೆ. ಜನ ಹೆಚ್ಚಿದ್ದಷ್ಟೂ ಬೇಡ ಎನ್ನುತ್ತಿದ್ದ ಟೀಚರ್ ನನ್ನ ಪಕ್ಕದಲ್ಲಿಲ್ಲ. ನೀಲಿ ಉಡುಪಿನ ಸುತ್ತ ಎಷ್ಟು ತಲೆಗಳಿವೆ ಎಂದು ನಾನೊಬ್ಬಳೇ ಎಣಿಸುತ್ತಿದ್ದೇನೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ.