ಮಣಿಕಟ್ಟಿನ ಸೊನ್ನೆ

ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ನಮ್ಮ ಚೀಫ್ ಬಲಗಿವಿಯ ಮೇಲೆ ನೀಲಿ ಬಾಲ್‌ಪೆನ್ನೊಂದನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಕಿವಿಯ ತುಂಬ ಬಿಳಿ ಕೂದಲು, ಅದರ ಹಿಂದೆ ಎಂದೂ ಅಳಿಯದ ಇಂಕಿನ ಗೆರೆ. ಆ ಕಿವಿ ಬಾಗಿಲಲ್ಲಿ ಕಂಡರೆ ಸಾಕು, ನಾನು ಇನ್ನೊಂದು ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ನನ್ನಿಂದಾಗದು. ಆ ಮನುಷ್ಯನನ್ನು ನಾನು ಮನಸಾರೆ ದ್ವೇಷಿಸಿದ್ದೇನೆ.

ಹೆಬ್ಬಾಳದಿಂದ ಯಲಹಂಕದ ಕಡೆಗೆ ಮೇಲ್ಸೇತುವೆ ಏಳುತ್ತಿದ್ದ ವರ್ಷಗಳವು. ಆ ರಸ್ತೆಯ ಧೂಳು ಕುಡಿಯುತ್ತಿದ್ದ ಆಸ್ಪತ್ರೆಯೊಂದರ ಎಮರ್ಜೆನ್ಸಿಗೆ ಅವರು ಮುಖ್ಯಸ್ಥರು, ನಾನು ಡ್ಯೂಟಿ ಡಾಕ್ಟರ್. ಸಾವು ಬದುಕಿನ ನಡುವೆ ಒದ್ದಾಡುವ ರೋಗಿ ಬಂದರೆ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆಯಬೇಕು. ಮೈಗೆ ಆಮ್ಲಜನಕ ಸಾಲುತ್ತಿದೆಯೇ, ಆಮ್ಲ ಏರಿದೆಯೇ ಎನ್ನುವುದು ಅದರಿಂದಲೇ ತಿಳಿಯುತ್ತದೆ. ನಾಡಿ ಬಡಿಯುವಲ್ಲಿ ಬೆರಳಿಟ್ಟು ಸೂಜಿ ಇಳಿಸುವುದು ನಾವು ಕಲಿತ ದಾರಿ. ಅದರಲ್ಲಿ ಎತ್ತಿದ ಕೈ ಎಂದು ಹಿಂದಿನ ಆಸ್ಪತ್ರೆಯಲ್ಲಿ ಹೆಸರು ಮಾಡಿ ಬಂದವಳು ನಾನು.

ಚೀಫ್‌ಗೆ ಬೆರಳೆಂದರೆ ತಾತ್ಸಾರ. ಬಿ.ಪಿ. ಕುಸಿದವರಿಗೆ ಅಲ್ಟ್ರಾಸೌಂಡ್ ಇಟ್ಟು, ಪರದೆ ನೋಡಿಕೊಂಡೇ ಚುಚ್ಚಬೇಕೆಂಬುದು ಅವರ ಕಟ್ಟಪ್ಪಣೆ. "ನಿನ್ ಬೆರಳಿಗೆ ಕಣ್ಣಿದ್ಯೇನಮ್ಮಾ?" ಎಂದು ಕೇಳುತ್ತಿದ್ದರು. ಯಾರಾದರೂ ತಪ್ಪಿ ಚುಚ್ಚಿದರೆ ಕಿವಿಯ ಪೆನ್ನು ಕೆಳಗಿಳಿಯುತ್ತಿತ್ತು. ತಪ್ಪಿದ ಪ್ರತಿ ತೂತಿನ ಸುತ್ತ, ರೋಗಿಯ ಚರ್ಮದ ಮೇಲೇ, ಒಂದು ಸೊನ್ನೆ. ಕೇಸ್ ಶೀಟಿನಲ್ಲಿ ಅಷ್ಟೇ ಸೊನ್ನೆ, ಪಕ್ಕದಲ್ಲಿ ಚುಚ್ಚಿದವರ ಸಹಿ. ಅದೂ ಮನೆಯವರ ಎದುರಿಗೆ. ಇಂಥ ಪದ್ಧತಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ, ಕಾಣುವುದೂ ಬೇಡ.

ಒಂದು ಮಧ್ಯಾಹ್ನ ಯಲಹಂಕದಾಚೆಯ ಹಳ್ಳಿಯಿಂದ ದ್ರಾಕ್ಷಿ ಬೆಳೆಯುವ ಯಜಮಾನರೊಬ್ಬರನ್ನು ಅವರ ಹೆಂಡತಿ ಕರೆತಂದರು. ಸೋಂಕು ರಕ್ತಕ್ಕೆ ಇಳಿದು ಬಿ.ಪಿ. ನೆಲ ಕಚ್ಚಿತ್ತು. ನಾಡಿ ನೂಲಿನೆಳೆಯಷ್ಟೂ ಇರಲಿಲ್ಲ. ಯಂತ್ರ ಪಕ್ಕದಲ್ಲೇ ನಿಂತಿತ್ತು. ನಾನು ಬೆರಳಿಟ್ಟೆ. ನಾಲ್ಕು ಸಲ ಚುಚ್ಚಿದೆ. ನಾಲ್ಕನೆಯದಕ್ಕೆ ಕಪ್ಪು ರಕ್ತ ಬಂತು, ಅದು ಪಕ್ಕದ ಸಿರೆಯದು.

"ಎಷ್ಟಾಯ್ತು?" ಹಿಂದಿನಿಂದ ಚೀಫ್ ದನಿ.

"ಎರಡು, ಸರ್."

ಪೆನ್ನು ಇಳಿಯಿತು. ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. "ಸುಳ್ಳು ಹೇಳಿದ್ದಕ್ಕೆ ಇನ್ನೊಂದು ನಿನ್ ಹಣೆ ಮೇಲೆ ಹಾಕ್ಲಾ?"

ಆ ಹೆಂಗಸು ನನ್ನ ಮುಖವನ್ನೇ ನೋಡಿದರು. "ಮಿಷನ್ನು ಇಲ್ಲೇ ಐತಲ್ಲವ್ವಾ, ಮತ್ಯಾಕೆ ಇಂಗೆ ಚುಚ್ಚಿದ್ದು?" ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದರು.

ಚೀಫ್ ಜೆಲ್ ಹಚ್ಚಿ ಯಂತ್ರದ ಹಿಡಿಯನ್ನು ಮಣಿಕಟ್ಟಿಗೆ ಒತ್ತಿದರು. ಪರದೆಯಲ್ಲಿದ್ದ ಕಪ್ಪು ಚುಕ್ಕೆಗಳಲ್ಲಿ ಒಂದು ಚಪ್ಪಟೆಯಾಯಿತು, ಇನ್ನೊಂದು ಮಿಡಿಯುತ್ತ ಹಾಗೇ ನಿಂತಿತು. "ಒತ್ತಿದ ತಕ್ಷಣ ಮಲಗೋದು ಸಿರೆ, ಅದು ನಮಗ್ ಬೇಡ. ಎದುರು ನಿಲ್ಲುತ್ತಲ್ಲ, ಅದ್ ಬೇಕು." ಈ ಮಾತನ್ನು ಆಡಿದವರು, ತಮಗೆ ಎದುರು ನಿಂತ ಒಬ್ಬ ಕಿರಿಯರನ್ನೂ ಸಹಿಸಿದವರಲ್ಲ! ಆದರೆ ಒಂದೇ ಚುಚ್ಚಿಗೆ ಕೆಂಪು ರಕ್ತ ತಾನಾಗಿ ಸಿರಿಂಜಿಗೆ ಏರಿತು.

ಯಜಮಾನರು ಬದುಕಿದರು. ನಾನು ಬೆಡ್‌ಶೀಟ್ ಇಡುವ ಕೋಣೆಯಲ್ಲಿ ಕೂತು ಅತ್ತೆ. ಆಮೇಲೆ ಯಂತ್ರ ಕಲಿತದ್ದು ರೋಗಿಗಳ ಮೇಲಿನ ಪ್ರೀತಿಯಿಂದಲ್ಲ, ಆ ಪೆನ್ನಿಗೆ ಕೆಲಸ ಕೊಡಬಾರದೆಂಬ ಹಟದಿಂದ. ಅವರು ನಿವೃತ್ತರಾಗುವವರೆಗೂ ನನಗೆ ಮತ್ತೊಂದು ಸೊನ್ನೆ ಬೀಳಲಿಲ್ಲ. ಅವರ ಬಾಯಿಂದ ಒಂದು "ಭೇಷ್" ಕೂಡ ಬೀಳಲಿಲ್ಲ. ಬೀಳ್ಕೊಡುಗೆಯ ದಿನ ನಾನು ಬೇಕೆಂದೇ ರಜೆ ಹಾಕಿದೆ.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಆರ್.ಟಿ. ನಗರದಿಂದ ಅವರನ್ನೇ ಮಗಳು ಕರೆತಂದರು. ಅದೇ ಸೋಂಕು, ಅದೇ ಕುಸಿದ ಬಿ.ಪಿ. ಸಿಸ್ಟರ್ ಯಂತ್ರ ತರಲು ಹೋದರು. ಅಷ್ಟರಲ್ಲಿ ನನ್ನ ಬೆರಳಿಗೆ ನಾಡಿ ಸಿಕ್ಕಂತಾಯಿತು. ಬೆರಳಿಗೂ ಕಣ್ಣಿದೆಯೆಂದು ಇವರ ಕೈಯ ಮೇಲೇ ಇವರಿಗೆ ಉತ್ತರ ಕೊಟ್ಟುಬಿಡೋಣ ಎಂದು ಚುಚ್ಚಿದೆ. ತಪ್ಪಿತು. ಮುಚ್ಚಿದ ಕಣ್ಣುಗಳ ಮೇಲಿನ ಹುಬ್ಬು ನೋವಿನಿಂದ ಗಂಟಿಕ್ಕಿತು. ಸಾಯುತ್ತಿರುವವರ ಮೇಲೆ ಹಗೆ ತೀರಿಸಿಕೊಳ್ಳಲು ಹೋದೆನಲ್ಲ, ನನ್ನ ಕೈಗಿಷ್ಟು ಬೆಂಕಿ ಬೀಳ ಅನ್ನಿಸಿತು.

ಯಂತ್ರ ಬಂತು. ನೋಡಿ ಚುಚ್ಚಿದೆ, ರಕ್ತ ಏರಿತು. ಆಗ ಅವರ ಇನ್ನೊಂದು ಕೈ ಬಲಗಿವಿಯ ಕಡೆಗೆ ಹೋಯಿತು. ಅಲ್ಲಿ ಪೆನ್ನಿರಲಿಲ್ಲ. ನಾನು ನನ್ನ ಪೆನ್ನು ತೆಗೆದು, ತಪ್ಪಿದ ತೂತಿನ ಸುತ್ತ ಸೊನ್ನೆ ಬರೆದೆ. ಅರೆಗಣ್ಣಿನಲ್ಲಿ ನೋಡಿದರು.

"ಸಹಿ?" ಅಂದರು.

ಹಾಕಿದೆ.

ಮೂರನೆಯ ದಿನ ಸಂಜೆ ಹೋಗಿಬಿಟ್ಟರು. ಸಿಸ್ಟರ್ ಮೈ ಒರೆಸುತ್ತ ಮಣಿಕಟ್ಟಿಗೆ ಸ್ಪಿರಿಟ್ ಹತ್ತಿ ತಂದಾಗ ನಾನು ಸಿಸ್ಟರ್ ಕೈ ಹಿಡಿದುಕೊಂಡೆ.

"ಅಳಿಸ್ಬೇಡಿ ಸಿಸ್ಟರ್. ಅಳಿಸಿದ್ರೆ ಎದ್ದು ಕೂತ್ಕೊಂಡು ಬೈತಾರೆ."

ಸಿಸ್ಟರ್ ನಕ್ಕರು. ಬೈಯಲಿ ಎಂದು ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.